ಒಂದಕ್ಕೆ ಏಳಾ, ಒಂದಕ್ಕೆ ಒಂಬತ್ತಾ?

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಫೈಲ್ ಇದೆ. ಹೆಸರು 'ಬ್ಯಾರೆಲ್ ಫೈನಲ್ ಫೈನಲ್ 3'. ಹನ್ನೊಂದು ಕಾಲಂ, ನಲವತ್ತು ಸಾಲು, ಹಸಿರು-ಹಳದಿ-ಕೆಂಪು ಬಣ್ಣ ಬೇರೆ. ಬೆಂಗಳೂರಲ್ಲಿ ಮೊದಲ ಬೈಕ್ ತಗೊಳ್ಳುವಾಗ ಇಂಥದ್ದೇ ಒಂದು ಮಾಡಿದ್ದೆ. ಫ್ರಿಜ್ಜಿಗೆ ಮಾಡಿದ್ದೆ. ಮಗಳ ಪ್ರೀ-ಸ್ಕೂಲಿಗೂ ಮಾಡಿದ್ದೆ. ಬಿ.ಇ. ಓದಿ ಹದಿನಾಲ್ಕು ವರ್ಷ ಆಯ್ತು, ಕಲಿತದ್ದರಲ್ಲಿ ಮುಕ್ಕಾಲು ಮರೆತಿದೆ, ಈ ಚಟ ಒಂದು ಉಳಿದಿದೆ.

ಈ ಸಲದ ಫೈಲು ಒಂದು ಕಾರ್ಬೈನಿನದ್ದು. ಹೌದು, ಕೋವಿ. ಎಆರ್-15 ಮಾದರಿಯ ಗಿಡ್ಡ ರೈಫಲ್. ಕಾದಾಟ ನಡೆದದ್ದು ಅದರ ಬ್ಯಾರೆಲಿನ ಒಂದೇ ಒಂದು ಸಂಖ್ಯೆಯ ಮೇಲೆ: ತಿರುಪು ಒಂದಕ್ಕೆ ಏಳು ಇರಬೇಕೋ, ಎಂಟು ಇರಬೇಕೋ, ಒಂಬತ್ತು ಇರಬೇಕೋ?

ಸ್ವಲ್ಪ ಹಿಂದಿನಿಂದ ಹೇಳ್ತೀನಿ.

ನಾವಿರೋದು ಡಲ್ಲಾಸ್ ಹತ್ತಿರದ ಒಂದು ಊರಲ್ಲಿ. ಕಳೆದ ವರ್ಷ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನೋಡಿದರೆ ಅಪಾರ್ಟ್‌ಮೆಂಟಿನ ಪಾರ್ಕಿಂಗಲ್ಲಿ ನಮ್ಮ ಕಾರಿನ ಗಾಜು ಪುಡಿ ಪುಡಿ. ಹೋದದ್ದು ಒಂದು ಬ್ಯಾಗು, ಅದರಲ್ಲಿ ಮಗಳ ಸ್ವೆಟರ್ ಮತ್ತು ಅರ್ಧ ತಿಂದ ಚಕ್ಕುಲಿ ಪೊಟ್ಟಣ. ನಷ್ಟ ದೊಡ್ಡದಲ್ಲ. ಆದರೆ ಆ ರಾತ್ರಿಯಿಂದ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಪಕ್ಕದಲ್ಲಿ ನಾಲ್ಕು ವರ್ಷದ ಮಗಳು ಮಲಗಿರ್ತಾಳೆ, ಹೊರಗೆ ಯಾವುದೋ ಕಾರಿನ ಬಾಗಿಲು ಬಡಿದ ಸದ್ದಾದರೆ ಎದ್ದು ಕೂರ್ತಿದ್ದೆ. ಊರಲ್ಲಿ ಬಾಗಿಲಿಗೆ ಚಿಲಕ ಹಾಕದೇ ಮಲಗಿ ಬೆಳೆದವನು ನಾನು. ಇಲ್ಲಿ ಮೂರು ಬೀಗ ಹಾಕಿದರೂ ಸಮಾಧಾನ ಇಲ್ಲ.

ಅದೇ ಹೊತ್ತಿಗೆ ಆಫೀಸಿನಲ್ಲಿ ಊಟದ ಟೇಬಲ್ ಮೇಲೆ ಕೋವಿ ಮಾತು. ಟೆಕ್ಸಾಸಿನಲ್ಲಿ ಇದು ನಮ್ಮಲ್ಲಿ ಅಡಿಕೆ ರೇಟು ಮಾತಾಡಿದ ಹಾಗೆ. ಎಚ್-1ಬಿ ವೀಸಾದಲ್ಲಿರೋರು ಕೊಳ್ಳಬಹುದಾ ಅಂತ ಹುಡುಕಿದೆ. ಇಲ್ಲ. ಕೇಂದ್ರ ಕಾನೂನಿನ ಪ್ರಕಾರ ನಮ್ಮಂಥ ವೀಸಾದವರು ಕೋವಿ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಆದರೆ ಅದಕ್ಕೊಂದು ವಿನಾಯಿತಿ ಇದೆ: ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ದರೆ ಆಗುತ್ತೆ. ಅಂದರೆ ಮನೆ ಕಾಯ್ತೀನಿ ಅಂದರೆ ಕೊಡಲ್ಲ, ಹಂದಿ ಹೊಡೀತೀನಿ ಅಂದರೆ ಕೊಡ್ತಾರೆ. ನಮ್ಮಪ್ಪನ ಕೋವಿ ಲೈಸೆನ್ಸಿನಲ್ಲೂ 'ಬೆಳೆ ರಕ್ಷಣೆಗಾಗಿ' ಅಂತಲೇ ಇತ್ತು. ಸರ್ಕಾರಗಳು ಎಲ್ಲಾ ಕಡೆ ಒಂದೇ ಥರ ಯೋಚನೆ ಮಾಡ್ತವೆ ಅಂತ ನಗು ಬಂತು.

ಆನ್‌ಲೈನ್ ಕೋರ್ಸ್ ಮುಗಿಸಿದೆ, ಬೇಟೆ ಲೈಸೆನ್ಸ್ ತಗೊಂಡೆ. ಮೂರು ವಾರ ರಾತ್ರಿ ಹನ್ನೊಂದರ ನಂತರ ಎಕ್ಸೆಲ್.

ಇನ್ನು ತಿರುಪಿನ ವಿಚಾರ. ರೈಫಲ್ ಬ್ಯಾರೆಲಿನ ಒಳಗೋಡೆಯಲ್ಲಿ ಸುರುಳಿಯಾಗಿ ಗೀರುಗಳಿರ್ತವೆ. ಗುಂಡು ಅದರಲ್ಲಿ ಸಿಕ್ಕಿಕೊಂಡು ತಿರುಗುತ್ತಾ ಹೊರಗೆ ಬರುತ್ತೆ. 'ಒಂದಕ್ಕೆ ಏಳು' ಅಂದರೆ ಏಳು ಇಂಚು ಮುಂದೆ ಹೋಗೋಷ್ಟರಲ್ಲಿ ಒಂದು ಪೂರ್ತಿ ಸುತ್ತು. 'ಒಂದಕ್ಕೆ ಒಂಬತ್ತು' ಅಂದರೆ ಒಂಬತ್ತು ಇಂಚಿಗೆ ಒಂದು ಸುತ್ತು. ಸಂಖ್ಯೆ ಚಿಕ್ಕದಾದಷ್ಟೂ ತಿರುಗೋದು ಜೋರು.

ಎಷ್ಟು ಜೋರು? ಸೆಕೆಂಡಿಗೆ 3000 ಅಡಿ ವೇಗದಲ್ಲಿ ಹೊರಟ ಗುಂಡು ಒಂದಕ್ಕೆ ಏಳರ ಬ್ಯಾರೆಲಿನಿಂದ ಬಂದರೆ ನಿಮಿಷಕ್ಕೆ 3 ಲಕ್ಷಕ್ಕೂ ಮಿಕ್ಕಿ ಸುತ್ತು. ಒಂದಕ್ಕೆ ಒಂಬತ್ತಾದರೆ 2 ಲಕ್ಷ 40 ಸಾವಿರ. ನಿಮ್ಮ ಮನೆ ಮಿಕ್ಸಿ ಖಾಲಿ ತಿರುಗಿದರೂ 20 ಸಾವಿರದ ಆಸುಪಾಸು ಅಷ್ಟೇ.

ಯಾಕೆ ತಿರುಗಬೇಕು ಅನ್ನೋದಕ್ಕೆ ಫಿಸಿಕ್ಸ್ ಪುಸ್ತಕ ಬೇಡ, ಬುಗುರಿ ಸಾಕು. ಚಾಟಿ ಬಿಗಿಯಾಗಿ ಸುತ್ತಿ ಎಳೆದು ಬಿಟ್ಟರೆ ಬುಗುರಿ ನಿಂತಲ್ಲೇ ನಿಲ್ಲುತ್ತೆ, ಸುತ್ತು ಕಡಿಮೆಯಾದಾಗ ಓಲಾಡಿ ಬೀಳುತ್ತೆ. ಗುಂಡೂ ಹಾಗೇ. ಎದುರಿನ ಗಾಳಿ ಅದರ ಮೂತಿಯನ್ನು ಹಿಡಿದು ಮಗುಚೋಕೆ ನೋಡುತ್ತೆ. ಗುಂಡು ಉದ್ದ ಇದ್ದಷ್ಟೂ ಗಾಳಿಗೆ ಮೀಟೋಕೆ ಸುಲಭ. ಹಾಗಾಗಿ ಉದ್ದದ ಗುಂಡಿಗೆ ಜಾಸ್ತಿ ತಿರುಪು ಬೇಕು. ತೂಕ ಅಂತ ಎಲ್ಲರೂ ಹೇಳ್ತಾರೆ, ನಿಜವಾಗಿ ಲೆಕ್ಕಕ್ಕೆ ಬರೋದು ಉದ್ದ. ಒಂದೇ ದಪ್ಪದ ಗುಂಡು ಭಾರ ಆಗಬೇಕಾದರೆ ಉದ್ದ ಆಗಲೇಬೇಕಲ್ಲ, ಅದಕ್ಕೆ ತೂಕದ ಲೆಕ್ಕ ರೂಢಿಗೆ ಬಂದಿದೆ.

ತೂಕ ಅಳೆಯೋದು ಗ್ರೇನಿನಲ್ಲಿ. ಪೌಂಡಿಗೆ 7000 ಗ್ರೇನ್. ನಮ್ಮ ಅಕ್ಕಸಾಲಿಗರ ಗುಲಗಂಜಿ ಇದೆಯಲ್ಲ, ಹೆಚ್ಚೂ ಕಡಿಮೆ ಎರಡು ಗ್ರೇನ್ ಸೇರಿದರೆ ಒಂದು ಗುಲಗಂಜಿ. ಈ ಕಾರ್ಬೈನಿಗೆ ಸಾಮಾನ್ಯವಾಗಿ ಹಾಕೋದು 55 ಗ್ರೇನಿನಿಂದ 77 ಗ್ರೇನಿನವರೆಗಿನ ಗುಂಡು, ಅಂದರೆ ಮೂರೂವರೆ ಗ್ರಾಮಿನಿಂದ ಐದು ಗ್ರಾಮ್. ಇಷ್ಟು ಸಣ್ಣ ವಸ್ತುವಿಗೆ ಇಷ್ಟು ತಲೆಬಿಸಿ.

1879ರಲ್ಲಿ ಇಂಗ್ಲೆಂಡಿನ ವುಲಿಚ್‌ನಲ್ಲಿ ಫಿರಂಗಿ ಪಡೆಯ ಅಧಿಕಾರಿಗಳಿಗೆ ಗಣಿತ ಕಲಿಸುತ್ತಿದ್ದ ಜಾರ್ಜ್ ಗ್ರೀನ್‌ಹಿಲ್ ಇದಕ್ಕೊಂದು ಸುಲಭ ಸೂತ್ರ ಕೊಟ್ಟ. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸು, ಗುಂಡಿನ ಉದ್ದದಿಂದ ಭಾಗಿಸು, ಎಲ್ಲಾ ಇಂಚಿನಲ್ಲಿ. ಬಂದ ಉತ್ತರವೇ ಎಷ್ಟು ಇಂಚಿಗೊಂದು ಸುತ್ತು ಬೇಕು ಅನ್ನೋದು. ನಮ್ಮ ಗುಂಡಿನ ವ್ಯಾಸ 0.224 ಇಂಚು. ಮುಕ್ಕಾಲು ಇಂಚು ಉದ್ದದ 55 ಗ್ರೇನಿನ ಗುಂಡಿಗೆ ಉತ್ತರ ಹತ್ತು. ಸುಮಾರು ಒಂದಿಂಚು ಉದ್ದದ 77 ಗ್ರೇನಿನದಕ್ಕೆ ಏಳೂವರೆ. ಇವತ್ತಿನ ವೇಗದ ಗುಂಡುಗಳಿಗೆ ಈ ಹಳೇ ಸೂತ್ರ ಸ್ವಲ್ಪ ಜಾಸ್ತಿನೇ ತಿರುಪು ಕೇಳುತ್ತೆ. ಹಾಗಾಗಿ 77 ಗ್ರೇನಿಗೂ ಒಂದಕ್ಕೆ ಎಂಟು ಸಾಕು.

ಇದರಲ್ಲಿ ಅಮೆರಿಕದ ಸೈನ್ಯವೇ ಎಡವಿ ಕಲಿತಿದೆ. ಎಆರ್-15ರ ಮೊದಲ ಬ್ಯಾರೆಲುಗಳ ತಿರುಪು ಒಂದಕ್ಕೆ ಹದಿನಾಲ್ಕು. ಕೊರೆಯೋ ಚಳಿಯ ಗಾಳಿ ದಟ್ಟವಾಗಿರುತ್ತಲ್ಲ, ಅದರಲ್ಲಿ ಗುಂಡು ಓಲಾಡ್ತಿತ್ತು. 1960ರ ದಶಕದಲ್ಲಿ ಒಂದಕ್ಕೆ ಹನ್ನೆರಡು ಮಾಡಿದರು. 1980ರ ದಶಕದಲ್ಲಿ ಹೊಸ ಗುಂಡು ಬಂದಾಗ ಎಂ16ರ ಎ2 ಮಾದರಿಗೆ ನೇರವಾಗಿ ಒಂದಕ್ಕೆ ಏಳು. ಅದಕ್ಕೆ ಮುಖ್ಯ ಕಾರಣ ಮಾಮೂಲಿ ಗುಂಡಲ್ಲ, ಕತ್ತಲಲ್ಲಿ ಹೊಳೆಯುತ್ತಾ ಹೋಗೋ ಟ್ರೇಸರ್ ಗುಂಡು. ಅದು ಎಲ್ಲಕ್ಕಿಂತ ಉದ್ದ. ನೂರರಲ್ಲಿ ಒಬ್ಬ ಬಳಕೆದಾರನಿಗಾಗಿ ಇಡೀ ಸಿಸ್ಟಮ್ಮಿನ ಡಿಸೈನ್ ಬದಲಾಗೋದು ನಮ್ಮ ಸಾಫ್ಟ್‌ವೇರಿನಲ್ಲಿ ಮಾತ್ರ ಅಂದುಕೊಂಡಿದ್ದೆ.

ಹಾಗಾದರೆ ಕಣ್ಣುಮುಚ್ಚಿ ಒಂದಕ್ಕೆ ಏಳು ತಗೊಂಡರೆ ಆಯ್ತಲ್ಲ? ನಾನೂ ಅದನ್ನೇ ಅಂದುಕೊಂಡೆ. ಆದರೆ ಅತಿಯಾದ ತಿರುಪಿಗೂ ಬೆಲೆ ಇದೆ. ತೆಳು ತಾಮ್ರದ ಹೊದಿಕೆಯ ಹಗುರ ಗುಂಡುಗಳು ಆ ಸುತ್ತು ತಡೆಯಲಾರದೆ ಗಾಳಿಯಲ್ಲೇ ಚೂರಾಗಬಹುದು. ಗುಂಡಿನ ಎರಕದಲ್ಲಿ ಕೂದಲೆಳೆಯ ಓರೆಕೋರೆ ಇದ್ದರೆ ಜೋರು ಸುತ್ತು ಅದನ್ನು ದೊಡ್ಡದು ಮಾಡುತ್ತೆ. ಕಡಿಮೆ ತಿರುಪಿನ ಶಿಕ್ಷೆ ಇನ್ನೂ ನೇರ: ಗುಂಡು ಅಡ್ಡಡ್ಡ ಹೋಗಿ ಬಡಿಯುತ್ತೆ, ಗುರಿಯ ಕಾಗದದಲ್ಲಿ ದುಂಡನೆ ತೂತಿನ ಬದಲು ಬೀಗದ ಕೈ ತೂತಿನ ಆಕಾರ ಮೂಡುತ್ತೆ. ಒಂದಕ್ಕೆ ಒಂಬತ್ತು 69 ಗ್ರೇನಿನ ಹತ್ತಿರದವರೆಗೆ ಸಂಭಾಳಿಸುತ್ತೆ. ಒಂದಕ್ಕೆ ಎಂಟು 55ನ್ನೂ ನೋಡಿಕೊಳ್ಳುತ್ತೆ, 77ನ್ನೂ ನೋಡಿಕೊಳ್ಳುತ್ತೆ. ಒಮ್ಮೆ ತಗೊಂಡ ಮೇಲೆ ಬದಲಾಯಿಸೋಕಾಗಲ್ಲ. ಇದಕ್ಕೆ ಪ್ಯಾಚ್ ಬಿಡೋಕೆ ಬರಲ್ಲ, ಹೊಸ ಬ್ಯಾರೆಲೇ ತರಬೇಕು.

ಇಷ್ಟೆಲ್ಲ ತಯಾರಿ ಮಾಡಿಕೊಂಡು ನಮ್ಮ ಟೀಮಿನ ಹಿರಿಯರೊಬ್ಬರ ಹತ್ತಿರ ಹೋದೆ. ಅರವತ್ತರ ಹತ್ತಿರದ ಮನುಷ್ಯ. ಡಲ್ಲಾಸಿನಿಂದ ಎರಡೂವರೆ ಗಂಟೆ ದೂರದಲ್ಲಿ ದನ ಮೇಯಿಸೋ ಜಮೀನಿದೆ, ವಾರದಲ್ಲಿ ಐದು ದಿನ ನಮ್ಮ ಟೆಸ್ಟಿಂಗ್ ನೋಡ್ತಾರೆ. ಟೆಕ್ಸಾಸ್ ಅಣ್ಣ ಅಂತ ಕರೆಯೋಣ. ಫೈಲ್ ಪೂರ್ತಿ ನೋಡಿದರು. ಬಣ್ಣ ಚೆನ್ನಾಗಿದೆ ಅಂದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ನೀನು ಯಾವ ಗುಂಡು ಹೊಡೀತೀಯ? ಯಾವುದಕ್ಕೆ ಹೊಡೀತೀಯ?"

"ಎಲ್ಲದಕ್ಕೂ ಸರಿಹೋಗೋ ಥರ ನೋಡ್ತಿದ್ದೀನಿ" ಅಂದೆ.

"ಎಲ್ಲದಕ್ಕೂ ಅಂದರೆ ಯಾವುದಕ್ಕೂ ಅಲ್ಲ ಅಂತ" ಅಂದರು. "ಮೊದಲು ಗುಂಡು, ಆಮೇಲೆ ಬ್ಯಾರೆಲ್. ನೀನು ತಿರುಗಾಮುರುಗಾ ಮಾಡಿದ್ದೀಯ."

ರಿಕ್ವೈರ್‌ಮೆಂಟ್ ಇಲ್ಲದೆ ಡಿಸೈನ್ ಶುರುಮಾಡಬಾರದು ಅಂತ ಜೂನಿಯರ್‌ಗಳಿಗೆ ವಾರಕ್ಕೊಮ್ಮೆ ಪಾಠ ಹೇಳೋನು ನಾನು. ಮುಖ ಬಿಸಿಯಾಯ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಪಾತ್ರೆ ಒರೆಸುತ್ತಾ ಕೇಳಿಸಿಕೊಂಡು, "ಅಲ್ಲ ಕಣ್ರೀ, ಕಾರಿನ ಗಾಜು ಒಡೆದೋನಿಗೆ ಎಷ್ಟು ಗ್ರೇನ್ ಬೇಕು?" ಅಂದಳು.

ಅವಳು ವ್ಯಂಗ್ಯ ಮಾಡಿದಳೋ, ನಿಜವಾಗಿ ಕೇಳಿದಳೋ ಗೊತ್ತಾಗಲಿಲ್ಲ. ನನ್ನ ಫೈಲಿನಲ್ಲಿ ಆ ಕಾಲಂ ಇರಲಿಲ್ಲ.

ಆ ಭಾನುವಾರ ಅಪ್ಪನಿಗೆ ಫೋನ್ ಮಾಡಿದಾಗ ಬಾಯಿ ತಪ್ಪಿ ಹೇಳಿಬಿಟ್ಟೆ, ಕೋವಿ ತಗೊಳ್ತಾ ಇದ್ದೀನಿ ಅಂತ.

"ಎಂತಕ್ಕೆ?" ಅಂದರು.

"ಹಿಂಗೇ. ಇಲ್ಲಿ ಎಲ್ಲರ ಹತ್ರ ಇರುತ್ತೆ."

"ಮಂಗ ಉಂಟಾ ಅಲ್ಲಿ?"

"ಇಲ್ಲ."

"ಮತ್ತೆ ಎಂತಕ್ಕೆ ಮಾರಾಯ?"

ನಾನು ಮಾತು ಬದಲಾಯಿಸಿದೆ. ಅಪ್ಪ ಬದಲಾಯಿಸೋಕೆ ಬಿಟ್ಟರು. ಆ ಮನೆಯಲ್ಲಿ ಕೋವಿಯ ಮಾತು ಹಾಗೇ ನಿಲ್ಲೋದು, ಇಪ್ಪತ್ತೈದು ವರ್ಷದಿಂದ.

ನಮ್ಮದು ತೀರ್ಥಹಳ್ಳಿ ಕಡೆ. ಮನೆಯಲ್ಲಿದ್ದದ್ದು ಅಜ್ಜನ ಕಾಲದ ಕೇಪಿನ ಕೋವಿ. ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಮತ್ತೆ ನಾರು ಹಾಕಿ, ಕಬ್ಬಿಣದ ಸರಳಿನಿಂದ ಜಡಿಯಬೇಕು. ಒಳಗೆ ಗೀರೂ ಇಲ್ಲ, ತಿರುಪೂ ಇಲ್ಲ, ನೀರಿನ ಪೈಪಿನ ಹಾಗೆ ನುಣುಪು. ಒಂದು ಈಡು ಹೊಡೆದರೆ ಚರೆ ಹರಡಿಕೊಂಡು ಹೋಗಿ ಸ್ವಲ್ಪ ದೂರದಲ್ಲೇ ಶಕ್ತಿ ಕಳೆದುಕೊಳ್ಳುತ್ತೆ. ಎಲೆಕ್ಷನ್ ಬಂತು ಅಂದರೆ ಅಪ್ಪ ಅದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಹೋಗಿ ಸ್ಟೇಷನ್ನಿನಲ್ಲಿ ಇಟ್ಟು ಬರೋರು. ಫಲಿತಾಂಶ ಬಂದ ಮೇಲೆ ವಾಪಸ್ ತರೋರು. ನನಗೆ ಎಲೆಕ್ಷನ್ ಅಂದರೆ ಗೋಡೆಯ ಮೇಲೆ ಕೋವಿ ಇಲ್ಲದ ತಿಂಗಳು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಗದ್ದೆಗೆ ಹಂದಿ ಕಾಟ ವಿಪರೀತ. ಭತ್ತ ಹಾಲುಗಟ್ಟಿತ್ತು. ಅಪ್ಪ ರಾತ್ರಿ ಮಾಳದಲ್ಲಿ ಕಾವಲು. ಒಂದು ರಾತ್ರಿ ಹಳ್ಳದ ಅಂಚಿನ ಪೊದೆ ಅಲುಗಾಡಿತು. ಕೂಗಿದರಂತೆ, ಉತ್ತರ ಬರಲಿಲ್ಲ, ಹಳ್ಳದ ಸದ್ದು ಜೋರಿತ್ತು. ಈಡು ಹೊಡೆದರು. ಮನೆಯಲ್ಲಿ ನಮಗೆ ಈಡಿನ ಸದ್ದು ಕೇಳಿತು. ಅದರ ಹಿಂದೆಯೇ ಮನುಷ್ಯನ ಕೂಗು.

ಕೆಳಗಿನ ಮನೆ ಚಿಕ್ಕಪ್ಪ ತಮ್ಮ ಗದ್ದೆಗೆ ನೀರು ತಿರುಗಿಸೋಕೆ ಬಂದಿದ್ದರು. ಬ್ಯಾಟರಿ ಕೆಟ್ಟಿತ್ತು. ಚರೆ ತೊಡೆಗೆ, ಮೀನಖಂಡಕ್ಕೆ ಹೊಕ್ಕಿತ್ತು. ಅಪ್ಪ ಅವರನ್ನು ಬೆನ್ನ ಮೇಲೆ ಹೊತ್ತು ರಸ್ತೆವರೆಗೆ ಓಡಿದ್ದನ್ನು ನಾನು ಲಾಟೀನು ಹಿಡಿದು ಹಿಂದೆ ಓಡ್ತಾ ನೋಡಿದೆ. ಅಪ್ಪನ ಬಿಳಿ ಬನಿಯನ್ನು ಸೊಂಟದ ಕೆಳಗೆ ಕಪ್ಪಾಗಿತ್ತು. ಚಿಕ್ಕಪ್ಪ ಬದುಕಿದರು. ಕಾಲು ಮಾತ್ರ ಸರಿಹೋಗಲಿಲ್ಲ. ಊರಿನ ಹಿರಿಯರು ಕೂತು ಮಾತಾಡಿದರು, ಚಿಕ್ಕಪ್ಪನೇ "ಬೇಕಂತ ಮಾಡಿದ್ದಲ್ಲ, ಬಿಡಿ" ಅಂದರು.

ಅದಾದ ಮೇಲೆ ಒಂದು ಎಲೆಕ್ಷನ್ ಬಂತು. ಅಪ್ಪ ಕೋವಿ ಸ್ಟೇಷನ್ನಿಗೆ ಕೊಟ್ಟರು. ಫಲಿತಾಂಶ ಬಂದ ಮೇಲೂ ತರೋಕೆ ಹೋಗಲಿಲ್ಲ. ಗೋಡೆಯ ಗೂಟ ಈಗಲೂ ಇದೆ, ಅಮ್ಮ ಅದಕ್ಕೆ ಕೊಡೆ ನೇತುಹಾಕ್ತಾರೆ. ಇವತ್ತಿಗೂ ಚಿಕ್ಕಪ್ಪನ ಗದ್ದೆ ಉತ್ತಾದ ಮೇಲೇ ನಮ್ಮ ಗದ್ದೆಗೆ ಟಿಲ್ಲರ್ ಇಳಿಯೋದು. ಯಾರೂ ಅದನ್ನು ಮಾತಾಡಲ್ಲ.

ಟೆಕ್ಸಾಸ್ ಅಣ್ಣನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರ ಹಳೇ ಕಾರ್ಬೈನಿನ ಬ್ಯಾರೆಲ್ ಸವೆದಿತ್ತು. "ನಿನ್ನ ಫೈಲು ನನಗಾದರೂ ಉಪಯೋಗಕ್ಕೆ ಬರಲಿ, ಒಂದು ಆರಿಸಿಕೊಡು" ಅಂದರು. ಅವರಿಗೆ ರಿಕ್ವೈರ್‌ಮೆಂಟ್ ಸ್ಪಷ್ಟ ಇತ್ತು. ಟೆಕ್ಸಾಸಿನಲ್ಲಿ ಕಾಡುಹಂದಿ ದೊಡ್ಡ ಪಿಡುಗು. ಸ್ಪೇನಿನವರು ತಂದು ಬಿಟ್ಟ ಸಾಕುಹಂದಿಗಳ ಸಂತಾನ, ಆಮೇಲೆ ಬೇಟೆಗೆ ಅಂತ ತಂದ ಯುರೋಪಿನ ಕಾಡುಹಂದಿಯ ಬೆರಕೆ ಬೇರೆ. ಹುಲ್ಲುಗಾವಲನ್ನು ಟಿಲ್ಲರ್ ಹೊಡೆದ ಹಾಗೆ ಮಗುಚಿ ಹಾಕ್ತವೆ. ಖಾಸಗಿ ಜಮೀನಿನಲ್ಲಿ ವರ್ಷವಿಡೀ, ರಾತ್ರಿಯೂ, ಹೊಡೆಯೋಕೆ ಅವಕಾಶ ಇದೆ. ಅವರು ಹಾಕೋದು 62ರಿಂದ 77 ಗ್ರೇನಿನ ಗುಂಡು. ನೂರೈವತ್ತು ಗಜದ ಒಳಗೆ.

ಗುಂಡು ಗೊತ್ತಾದ ಮೇಲೆ ಲೆಕ್ಕ ಎರಡು ನಿಮಿಷದ್ದು. ಒಂದಕ್ಕೆ ಎಂಟು, ಉದ್ದ 16 ಇಂಚು. ಮೂರು ವಾರ ಮುಗಿಯದ ಫೈಲು ಅವತ್ತು ಮುಗೀತು.

ಬ್ಯಾರೆಲ್ ಬಂದ ಮೇಲೆ ಅವರ ಕೊಟ್ಟಿಗೆಯಲ್ಲಿ ಕೂತು ತಿರುಪು ಅಳೆದೆವು. ಸ್ವಚ್ಛ ಮಾಡೋ ಸರಳಿನ ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ ಒಳಗೆ ತಳ್ಳಬೇಕು. ಹಿಡಿ ತಾನಾಗಿ ತಿರುಗೋ ಥರದ್ದಿರುತ್ತೆ, ಹಾಗಾಗಿ ಗೀರಿನ ಜೊತೆ ಸರಳು ತಿರುಗುತ್ತೆ. ಸರಳಿಗೆ ಒಂದು ಗುರುತು ಹಾಕಿ, ಅದು ಒಂದು ಪೂರ್ತಿ ಸುತ್ತು ಬಂದಾಗ ಎಷ್ಟು ಇಂಚು ಒಳಗೆ ಹೋಯ್ತು ಅಂತ ನೋಡಿದರೆ ಆಯ್ತು. ಸರಿಯಾಗಿ ಎಂಟು ಇಂಚು. ಕೈಯಲ್ಲಿ ಸರಳು ಮೆಲ್ಲಗೆ ತಿರುಗಿದಾಗ ನನಗೆ ಅಪ್ಪನ ಕೋವಿಗೆ ನಾರು ಜಡಿದದ್ದು ನೆನಪಾಯ್ತು. ಅದು ತಿರುಗ್ತಿರಲಿಲ್ಲ, ದಬ್ ದಬ್ ಅಂತ ನೇರ ಹೋಗ್ತಿತ್ತು.

ಮಧ್ಯಾಹ್ನ ಕಾಗದದ ಗುರಿಗೆ ಹೊಡೆದೆವು. ನೂರು ಗಜದಲ್ಲಿ ಐದು ತೂತು, ಎಲ್ಲವೂ ದುಂಡಗೆ, ಐದನ್ನೂ ಒಂದು ಕಾಫಿ ಲೋಟ ಮುಚ್ಚುವಷ್ಟು ಹತ್ತಿರ. ಖುಷಿಯಾಯ್ತು, ಸುಳ್ಳು ಹೇಳಲ್ಲ. ಲೆಕ್ಕ ಹಾಕಿದ್ದು ಕಾಗದದ ಮೇಲೆ ನಿಜವಾಗೋದು ನಮ್ಮ ಕೆಲಸದಲ್ಲಿ ಅಪರೂಪ.

ಕತ್ತಲಾಗುವ ಮುಂಚೆ ಅವರು ಜಮೀನು ತೋರಿಸಿದರು. ದೂರದ ದಿಬ್ಬ ತೋರಿಸಿ ಅದರಾಚೆ ಏನಿದೆ ಅಂತ ಕೇಳಿದೆ. "ಅರ್ಧ ಮೈಲಿ ನಮ್ಮದು, ಆಮೇಲೆ ಪಕ್ಕದವರ ಮನೆ" ಅಂದರು.

ಅದು ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ತಿರುಪಿನ ಇನ್ನೊಂದು ಅರ್ಥ ಆಗ ಹೊಳೆಯಿತು. ಅಪ್ಪನ ಚರೆ ಓಲಾಡಿ, ಹರಡಿ, ಹತ್ತಿರದಲ್ಲೇ ಸತ್ತುಹೋಗ್ತಿತ್ತು. ಅದರ ದೌರ್ಬಲ್ಯವೇ ಚಿಕ್ಕಪ್ಪನನ್ನು ಉಳಿಸಿದ್ದು. ನಾನು ಇಷ್ಟು ಮುತುವರ್ಜಿಯಿಂದ ಲೆಕ್ಕ ಹಾಕಿ ಆರಿಸಿದ ತಿರುಪು ಇರೋದೇ ಗುಂಡು ಓಲಾಡಬಾರದು ಅಂತ. ಗುರಿ ತಪ್ಪಿದರೂ ಅದು ಮೂತಿ ಮುಂದೆ ಮಾಡಿಕೊಂಡೇ ಹೋಗುತ್ತೆ, ಮೇಲಕ್ಕೆತ್ತಿ ಹೊಡೆದರೆ ಎರಡು ಮೈಲಿಗೂ ಹೆಚ್ಚು ದೂರ.

ರಾತ್ರಿ ಹನ್ನೊಂದರ ಹೊತ್ತಿಗೆ ಹಂದಿಗಳು ಬಂದವು. ಶಾಖ ತೋರಿಸೋ ದುರ್ಬೀನಿನಲ್ಲಿ ಏಳು ಬಿಳಿ ಆಕಾರ, ಎರಡು ದೊಡ್ಡವು, ಉಳಿದವು ಮರಿ. ಅಣ್ಣ ಕೋವಿ ನನ್ನ ಕಡೆ ಸರಿಸಿ, ನಿನ್ನದೇ ಬ್ಯಾರೆಲ್ಲು, ನೀನೇ ಹೊಡಿ ಅಂತ ಸನ್ನೆ ಮಾಡಿದರು. ದೊಡ್ಡದರ ಭುಜಕ್ಕೆ ಗುರಿ ಕೂತಿತ್ತು. ನೂರಿಪ್ಪತ್ತು ಗಜ. ಅದು ನಿಂತಿದ್ದು ದಿಬ್ಬದ ನೆತ್ತಿಯಲ್ಲಿ. ಅದರ ಹಿಂದೆ ಮಣ್ಣಿರಲಿಲ್ಲ, ಬರೀ ಆಕಾಶ.

ಕೆಳಗಿಳಿದು ಬರಲಿ ಅಂತ ಕಾದೆ. ಬರಲಿಲ್ಲ. ಒಂದೊಂದಾಗಿ ದಿಬ್ಬದ ಆಚೆ ಇಳಿದು ಹೋದವು. ಬೆರಳು ತೆಗೆದೆ, ಸೇಫ್ಟಿ ಹಾಕಿದೆ. ಅಂಗೈ ಒದ್ದೆಯಾಗಿತ್ತು.

"ಸರಿ ಮಾಡಿದೆ" ಅಂತ ಅಣ್ಣ ಪಿಸುಗುಟ್ಟಿದರು. ಬೆಳಗಿನ ಜಾವ ತಗ್ಗಿನಲ್ಲಿ ಅವರೇ ಎರಡು ಹೊಡೆದರು. ಬ್ಯಾರೆಲ್ ಚೆನ್ನಾಗಿದೆ ಅಂತ ಈಗಲೂ ಆಫೀಸಿನಲ್ಲಿ ಎಲ್ಲರ ಮುಂದೆ ಹೇಳ್ತಾರೆ.

ಮನೆಗೆ ಬಂದು ಆನ್‌ಲೈನ್ ಕಾರ್ಟಿನಲ್ಲಿದ್ದ ಒಂದಕ್ಕೆ ಏಳರ ಬ್ಯಾರೆಲ್ ತೆಗೆದುಹಾಕಿದೆ. ಕೋವಿ ಇಟ್ಟುಕೊಂಡವರೆಲ್ಲ ತಪ್ಪು ಅಂತಲ್ಲ. ಟೆಕ್ಸಾಸ್ ಅಣ್ಣನಿಗೆ ಅದು ಬೇಕು, ನಮ್ಮೂರಲ್ಲಿ ಇವತ್ತಿಗೂ ಎಷ್ಟೋ ಜನಕ್ಕೆ ಬೇಕು. ನನ್ನ ಕತ್ತಲಲ್ಲಿ ಹಂದಿ ಇಲ್ಲ, ಹೆದರಿಕೆ ಇದೆ. ಹೆದರಿಕೆಗೆ ಎಷ್ಟು ಗ್ರೇನ್ ಅಂತ ಗ್ರೀನ್‌ಹಿಲ್ ಕೂಡ ಬರೆದಿಟ್ಟಿಲ್ಲ. ಪಾರ್ಕಿಂಗಿಗೆ ಇನ್ನೊಂದು ದೀಪ ಹಾಕಿಸಿ ಅಂತ ಅಪಾರ್ಟ್‌ಮೆಂಟಿನವರಿಗೆ ಅರ್ಜಿ ಕೊಟ್ಟಿದ್ದೀನಿ. ಕಾರಿನಲ್ಲಿ ಬ್ಯಾಗು ಬಿಡಲ್ಲ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ.

ಮುಂದಿನ ಭಾನುವಾರ ಅಪ್ಪನೇ ಕೇಳಿದರು. "ಹಂದಿಗೆ ಹೋಗಿದ್ದೆ ಅಂತ ನಿನ್ನ ಹೆಂಡತಿ ಹೇಳಿದ್ಲು. ಬಿತ್ತಾ?"

"ಇಲ್ಲ."

"ಗುರಿ ತಪ್ತಾ?"

"ಹೊಡೀಲಿಲ್ಲ ಅಪ್ಪ. ಹಿಂದೆ ಏನಿದೆ ಅಂತ ಕಾಣ್ತಿರ್ಲಿಲ್ಲ."

ಆ ಕಡೆಯಿಂದ ತುಂಬಾ ಹೊತ್ತು ಸದ್ದಿಲ್ಲ. ಲೈನ್ ಕಟ್ಟಾಯ್ತು ಅಂದುಕೊಂಡೆ. ಹಿಂದೆ ಅಮ್ಮ ಪಾತ್ರೆ ಇಡೋದು ಕೇಳಿಸ್ತಿತ್ತು, ಹಾಗಾಗಿ ಕಟ್ಟಾಗಿರಲಿಲ್ಲ.

"ಹ್ಞೂಂ" ಅಂದರು ಅಪ್ಪ. ಆಮೇಲೆ ಗಂಟಲು ಸರಿಮಾಡಿಕೊಂಡು, "ಈ ಸಲ ಮಳೆ ಬೇಗ ಹಿಡೀತು. ಕೆಳಗಿನ ಮನೆ ಗದ್ದೆ ಉತ್ತಾಯ್ತು, ನಾಳೆ ನಮ್ಮದು" ಅಂದರು.